ಮೊದಲ ಮಜಲ್‌ಲೋಡರ್ ಕೊಳ್ಳುವ ಮುನ್ನ: ಅಮೆರಿಕದ ಕಾನೂನು ಮತ್ತು ಕೋವಿಯ ಆಯ್ಕೆ

ನಳಿಗೆಯ ಬಾಯಿಯಿಂದಲೇ ಮದ್ದನ್ನೂ ಗುಂಡನ್ನೂ ತುಂಬಿ, ಗಜವೆಂಬ ಉದ್ದನೆಯ ಕೋಲಿನಿಂದ ಒತ್ತಿ, ಪ್ರತಿ ಈಡಿಗೂ ಇದೇ ಕೆಲಸವನ್ನು ಮೊದಲಿನಿಂದ ಮಾಡಬೇಕಾದ ಕೋವಿಯೇ ಮಜಲ್‌ಲೋಡರ್. ಅಮೆರಿಕದಲ್ಲಿ ಇದನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೋವಿಯನ್ನು ಮೆಚ್ಚಿಕೊಳ್ಳುತ್ತಾರೆ, ಆಮೇಲೆ ಕಾನೂನು ನೋಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದೇ ಈ ಬರಹದ ಮುಖ್ಯ ಸಲಹೆ. ಯಾವ ರಾಜ್ಯದಲ್ಲಿ ವಾಸ, ಯಾವ ಬೇಟೆಯ ಋತುವಿನಲ್ಲಿ ಬಳಕೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಆಯ್ಕೆಯ ಅರ್ಧ ಕೆಲಸ ತಾನಾಗಿಯೇ ಮುಗಿದಿರುತ್ತದೆ. ಅವುಗಳಿಗೆ ಉತ್ತರ ಸಿಗುವ ಮೊದಲೇ ಕೊಂಡ ಕೋವಿ ಎಷ್ಟೇ ಚೆನ್ನಾಗಿದ್ದರೂ ಗೋಡೆಗೆ ಒರಗಿಯೇ ಉಳಿಯಬಹುದು.

ಒಕ್ಕೂಟದ ಕಾನೂನು

ಅಮೆರಿಕದ ಒಕ್ಕೂಟ ಮಟ್ಟದಲ್ಲಿ ಬಂದೂಕುಗಳ ಮಾರಾಟವನ್ನು ನಿಯಂತ್ರಿಸುವುದು 1968ರ ಗನ್ ಕಂಟ್ರೋಲ್ ಆ್ಯಕ್ಟ್. ಈ ಕಾನೂನು ‘ಪ್ರಾಚೀನ ಬಂದೂಕು’ ಎಂಬ ಒಂದು ವರ್ಗವನ್ನು ಮಾಡಿ, ಆ ವರ್ಗಕ್ಕೆ ಸೇರಿದ್ದನ್ನು ಬಂದೂಕಿನ ವ್ಯಾಖ್ಯಾನದಿಂದಲೇ ಹೊರಗಿಟ್ಟಿದೆ. 1898ರಲ್ಲಿ ಅಥವಾ ಅದಕ್ಕಿಂತ ಮೊದಲು ತಯಾರಾದ ಬಂದೂಕುಗಳು ಮತ್ತು ಈಗಿನ ತೋಟಾಗಳನ್ನು ಬಳಸಲಾಗದಂತಹ ಅವುಗಳ ಪ್ರತಿಕೃತಿಗಳು ಮೊದಲಿನಿಂದಲೂ ಈ ವರ್ಗದಲ್ಲಿದ್ದವು. 1998ರ ತಿದ್ದುಪಡಿಯು ಇದಕ್ಕೆ ಇನ್ನೊಂದು ಗುಂಪನ್ನು ಸೇರಿಸಿತು: ಕರಿಮದ್ದನ್ನು ಅಥವಾ ಅದರ ಬದಲಿ ಮದ್ದನ್ನು ಬಳಸಲೆಂದೇ ರೂಪಿಸಿದ, ಸಿದ್ಧ ತೋಟಾಗಳನ್ನು ಬಳಸಲಾಗದ, ನಳಿಗೆಯ ಬಾಯಿಯಿಂದ ತುಂಬುವ ರೈಫಲ್, ಶಾಟ್‌ಗನ್ ಮತ್ತು ಪಿಸ್ತೂಲುಗಳು. ಹೀಗಾಗಿ ಕಳೆದ ವರ್ಷ ಕಾರ್ಖಾನೆಯಿಂದ ಹೊರಬಂದ, ದುರ್ಬೀನು ಕೂರಿಸಿದ, ತುಕ್ಕು ಹಿಡಿಯದ ಉಕ್ಕಿನ ನಳಿಗೆಯ ಹೊಸ ಕೋವಿಯೂ ಒಕ್ಕೂಟದ ಕಾನೂನಿನ ಲೆಕ್ಕದಲ್ಲಿ ‘ಪ್ರಾಚೀನ’ವೇ ಆಗುತ್ತದೆ.

ಇದರ ಪರಿಣಾಮ ನೇರವಾದದ್ದು. ಈ ವರ್ಗಕ್ಕೆ ಸೇರಿದ ಕೋವಿಯನ್ನು ಕೊಳ್ಳಲು ಒಕ್ಕೂಟದ ಪರವಾನಗಿ ಪಡೆದ ವ್ಯಾಪಾರಿಯ ಬಳಿಗೇ ಹೋಗಬೇಕಿಲ್ಲ, ಕೊಳ್ಳುವವರು ತಮ್ಮ ವಿವರ ಕೊಡುವ 4473 ಸಂಖ್ಯೆಯ ನಮೂನೆಯನ್ನು ತುಂಬಬೇಕಿಲ್ಲ, ಹಿನ್ನೆಲೆಯ ತಪಾಸಣೆಯೂ ಇಲ್ಲ. ರಾಜ್ಯದ ಕಾನೂನು ಅಡ್ಡಿ ಮಾಡದಿದ್ದಲ್ಲಿ ಅದು ಅಂಚೆಯ ಪೊಟ್ಟಣವಾಗಿ ಮನೆ ಬಾಗಿಲಿಗೇ ಬರಬಹುದು. ಭಾರತದಲ್ಲಿ ಇಂತಹದೇ ಕೇಪಿನ (ಬೆಂಕಿ ಹೊತ್ತಿಸುವ ಪುಟ್ಟ ಲೋಹದ ಟೋಪಿಯ) ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕೆಂಬುದನ್ನು ಬಲ್ಲವರಿಗೆ ಇದು ನಂಬಲಾಗದ ಸಡಿಲಿಕೆಯಾಗಿ ಕಾಣುವುದು ಸಹಜ. ಆದರೆ ಈ ವಿನಾಯಿತಿಯ ಗಡಿ ಅಂದುಕೊಂಡದ್ದಕ್ಕಿಂತ ಕಿರಿದಾಗಿದೆ.

ನಳಿಗೆಯ ಬಾಯಿಯಿಂದ ತುಂಬುವ ಎಲ್ಲ ಕೋವಿಗಳೂ ಈ ವಿನಾಯಿತಿಗೆ ಒಳಪಡುವುದಿಲ್ಲ. ಮಾಮೂಲಿ ಬಂದೂಕಿನ ಚೌಕಟ್ಟನ್ನೇ ಬಳಸಿ ಮಾಡಿದ್ದು, ಮಾಮೂಲಿ ಬಂದೂಕನ್ನು ಮಾರ್ಪಡಿಸಿ ಮಾಡಿದ್ದು, ಅಥವಾ ನಳಿಗೆಯನ್ನೋ ಬೋಲ್ಟನ್ನೋ ಹಿಂಬದಿಯ ಮುಚ್ಚಿಗೆಯನ್ನೋ ಬದಲಿಸಿದರೆ ಸುಲಭವಾಗಿ ತೋಟಾ ಹೊಡೆಯುವ ಬಂದೂಕಾಗಬಲ್ಲದ್ದು, ಇವು ಮೂರೂ ಕಾನೂನಿನ ದೃಷ್ಟಿಯಲ್ಲಿ ಪೂರ್ಣ ಪ್ರಮಾಣದ ಬಂದೂಕುಗಳೇ. ಬಂದೂಕುಗಳ ವ್ಯವಹಾರವನ್ನು ನೋಡಿಕೊಳ್ಳುವ ಎಟಿಎಫ್ ಸಂಸ್ಥೆಯು ಇಂತಹ ಕೆಲವು ಮಾದರಿಗಳನ್ನು ಹೆಸರಿಸಿಯೇ ಹೇಳಿದೆ: ಥಾಂಪ್ಸನ್ ಸೆಂಟರ್ ಕಂಪನಿಯ ಎನ್‌ಕೋರ್ ಮತ್ತು ಕಂಟೆಂಡರ್, ಮಜಲ್‌ಲೋಡರ್ ನಳಿಗೆ ಜೋಡಿಸಿದ ಮಾಸ್‌ಬರ್ಗ್ 500 ಮತ್ತು ರೆಮಿಂಗ್ಟನ್ 870, ಎಚ್ ಆ್ಯಂಡ್ ಆರ್ ಹಂಟ್ಸ್‌ಮನ್ ಮುಂತಾದವು ಆ ಪಟ್ಟಿಯಲ್ಲಿವೆ. ಇವುಗಳನ್ನು ಅಂಗಡಿಯಲ್ಲಿ ಕೊಳ್ಳುವಾಗ ನಮೂನೆ, ತಪಾಸಣೆ ಎಲ್ಲವೂ ಇರುತ್ತವೆ. ತೊಂದರೆಯಾಗುವುದು ಹಳೆಯ ಮಾಲನ್ನು ಇನ್ನೊಬ್ಬರ ಕೈಯಿಂದ ಕೊಳ್ಳುವಾಗ. ಮಾರುವವರಿಗೂ ಇದು ತಿಳಿದಿರುವುದಿಲ್ಲ. ಆದ್ದರಿಂದ ಯಾವ ಮಾದರಿಯೇ ಇರಲಿ, ‘ಇದೇ ಚೌಕಟ್ಟಿಗೆ ತೋಟಾ ಹೊಡೆಯುವ ಬೇರೆ ನಳಿಗೆ ಹೊಂದುತ್ತದೆಯೇ?’ ಎಂಬ ಪ್ರಶ್ನೆಯನ್ನು ತಯಾರಕರಿಗೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಹೊಂದುತ್ತದೆ ಎಂದಾದರೆ ಅದು ಮಜಲ್‌ಲೋಡರ್ ಎಂಬ ಹೆಸರಿನಲ್ಲಿರುವ ಬಂದೂಕು.

ವೀಸಾದ ಮೇಲೆ ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಗಡಿಯ ತೂಕ ಇನ್ನೂ ಹೆಚ್ಚು. ಎಚ್-1ಬಿಯಂತಹ ವಲಸೆಯೇತರ ವೀಸಾ ಉಳ್ಳವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ, ಅವಧಿ ಮೀರದ ಬೇಟೆಯ ಪರವಾನಗಿ ಇರುವುದು ಅದರ ಕೆಲವೇ ವಿನಾಯಿತಿಗಳಲ್ಲಿ ಒಂದು. ನಿಜವಾದ ಮಜಲ್‌ಲೋಡರ್ ಬಂದೂಕಿನ ವ್ಯಾಖ್ಯಾನದ ಹೊರಗಿರುವುದರಿಂದ ಆ ನಿಷೇಧ ಅದಕ್ಕೆ ತಗಲುವುದಿಲ್ಲ, ಆದರೆ ಎನ್‌ಕೋರ್‌ನಂತಹದಕ್ಕೆ ತಗಲುತ್ತದೆ. ಜೊತೆಗೆ ಆಯಾ ರಾಜ್ಯದ ಕಾನೂನು ಬೇರೆಯೇ ಹೇಳಬಹುದು. ಇಲ್ಲಿ ಒಂದು ತಪ್ಪು ಹೆಜ್ಜೆಯ ಬೆಲೆ ಕೋವಿಯ ಬೆಲೆಯಲ್ಲ, ದೇಶದಲ್ಲಿ ಇರುವ ಹಕ್ಕೇ ಹೋಗಬಹುದು; ಹಾಗಾಗಿ ಹಸಿರು ಕಾರ್ಡ್ ಇಲ್ಲದವರು ಹಣ ಕೊಡುವ ಮೊದಲು ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕೇಳಲೇಬೇಕೆಂದು ಒತ್ತಿ ಹೇಳುತ್ತೇನೆ. ಅಪರಾಧದ ಶಿಕ್ಷೆಯಿಂದಾಗಿ ಬಂದೂಕಿನ ಹಕ್ಕು ಕಳೆದುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಒಕ್ಕೂಟದ ಕಾನೂನು ಬಿಟ್ಟುಕೊಟ್ಟದ್ದನ್ನು ಹಲವು ರಾಜ್ಯಗಳು ಬಿಟ್ಟುಕೊಟ್ಟಿಲ್ಲ.

ರಾಜ್ಯದ ಕಾನೂನು

ಒಕ್ಕೂಟ ವಿನಾಯಿತಿ ಕೊಟ್ಟಿದೆ ಎಂದ ಮಾತ್ರಕ್ಕೆ ರಾಜ್ಯವೂ ಕೊಟ್ಟಿದೆ ಎಂದು ತಿಳಿಯಬಾರದು. ನ್ಯೂಜೆರ್ಸಿಯಲ್ಲಿ ಕರಿಮದ್ದಿನ ರೈಫಲ್ ಕೊಳ್ಳಲು ಕೂಡ ಬಂದೂಕು ಖರೀದಿಯ ಗುರುತಿನ ಚೀಟಿ ಬೇಕು. ಅಲ್ಲಿಯ ವಿಳಾಸಕ್ಕೆ ಇವನ್ನು ಕಳುಹಿಸಲು ಅನೇಕ ಮಾರಾಟಗಾರರು ಒಪ್ಪುವುದೇ ಇಲ್ಲ. ಬೇರೆ ಕೆಲವು ರಾಜ್ಯಗಳು ವಯಸ್ಸಿನ ಮಿತಿಯನ್ನೋ, ಪಿಸ್ತೂಲಿನ ರೂಪದವುಗಳಿಗೆ ಪ್ರತ್ಯೇಕ ನಿಯಮವನ್ನೋ ಇಟ್ಟಿವೆ. ಊರ ಎಲ್ಲೆಯೊಳಗೆ ಈಡು ಹೊಡೆಯುವುದರ ಮೇಲಿನ ನಿಷೇಧ ಪುರಸಭೆ ಮತ್ತು ಕೌಂಟಿಯ ಮಟ್ಟದ್ದು, ಅದಕ್ಕೆ ಕೋವಿ ಪ್ರಾಚೀನವೋ ಅಲ್ಲವೋ ಎಂಬುದು ಮುಖ್ಯವಲ್ಲ. ರಾಜ್ಯದ ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಇವುಗಳ ಮಾಹಿತಿ ಸಾಮಾನ್ಯವಾಗಿ ಸಿಗುತ್ತದೆ, ಸಿಗದಿದ್ದರೆ ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯುವುದು ಒಳ್ಳೆಯದು.

ಕಾರಿನಲ್ಲಿ ಒಯ್ಯುವಾಗ ಕೋವಿ ‘ತುಂಬಿದೆ’ ಎಂದು ಯಾವಾಗ ಪರಿಗಣಿಸಬೇಕೆಂಬುದಂತೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ವಿಷಯ. ನಳಿಗೆಯಲ್ಲಿ ಮದ್ದುಗುಂಡು ಇದ್ದರೂ ಕೇಪು ತೆಗೆದಿದ್ದರೆ ಸಾಕೆನ್ನುವ ನಿಯಮವೂ ಇದೆ, ನಳಿಗೆಯೇ ಖಾಲಿಯಿರಬೇಕೆನ್ನುವ ನಿಯಮವೂ ಇದೆ. ಕಾನೂನು ಏನೇ ಹೇಳಲಿ, ಹೊಸಬರು ವಾಹನಕ್ಕೆ ಹತ್ತಿಸುವ ಮೊದಲು ನಳಿಗೆಯನ್ನು ಪೂರ್ತಿ ಖಾಲಿ ಮಾಡಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ.

ಬೇಟೆಯ ಋತುವೇ ಕೋವಿಯನ್ನು ಆರಿಸುತ್ತದೆ

ಅಮೆರಿಕದಲ್ಲಿ ಮಜಲ್‌ಲೋಡರ್ ಕೊಳ್ಳುವವರಲ್ಲಿ ಹೆಚ್ಚಿನವರ ಉದ್ದೇಶ ಜಿಂಕೆಯ ಬೇಟೆಗೆಂದು ರಾಜ್ಯಗಳು ಮೀಸಲಿಟ್ಟ ವಿಶೇಷ ಋತು. ಈ ಋತುಗಳು ಹುಟ್ಟಿದ್ದು ಹಳೆಯ ಕಾಲದ ಕೋವಿಯ ಮಿತಿಗಳನ್ನು ಒಪ್ಪಿಕೊಂಡು, ಹತ್ತಿರದಿಂದ ಒಂದೇ ಈಡಿನಲ್ಲಿ ಬೇಟೆಯಾಡುವವರಿಗಾಗಿ. ಆ ಮಿತಿಗಳನ್ನು ಎಷ್ಟು ಬಿಗಿಯಾಗಿ ಕಾಯಬೇಕೆಂಬುದರಲ್ಲಿ ರಾಜ್ಯಗಳ ನಡುವೆ ಭಿನ್ನಾಭಿಪ್ರಾಯವಿದೆ, ಮತ್ತು ಆ ಭಿನ್ನಾಭಿಪ್ರಾಯವೇ ಕೊಳ್ಳುವವರ ಆಯ್ಕೆಯನ್ನು ನಿರ್ಧರಿಸುತ್ತದೆ.

ಪೆನ್ಸಿಲ್ವೇನಿಯಾದಲ್ಲಿ 1974ರಲ್ಲಿ ಆರಂಭವಾದ, ಕ್ರಿಸ್‌ಮಸ್ ಕಳೆದ ಮೇಲೆ ನಡೆಯುವ ಋತುವಿನಲ್ಲಿ ಚಕಮಕಿ ಕಲ್ಲಿನ ಕೋವಿಗೆ ಮಾತ್ರ ಅವಕಾಶ. ಕೇಪಿನ ಕೋವಿಯನ್ನು ಹಿಡಿದು ಹೋದರೂ ಅದು ಕಾನೂನುಬಾಹಿರ. ಕೊಲರಾಡೊದ ಮಜಲ್‌ಲೋಡರ್ ಋತುವಿನಲ್ಲಿ ಹೊಸ ಮಾದರಿಯ ಕೋವಿಗೆ ಅಡ್ಡಿಯಿಲ್ಲ, ಆದರೆ ದುರ್ಬೀನು ಕೂಡದು, ಗುಂಡಿಗೆ ತೊಡಿಸುವ ಸ್ಯಾಬೊ ಎಂಬ ಪ್ಲಾಸ್ಟಿಕ್ ಕವಚ ಕೂಡದು, ಗುಳಿಗೆಯ ರೂಪದ ಮದ್ದೂ ಕೂಡದು, ಜಿಂಕೆಗೆ ಕನಿಷ್ಠ .40, ಎಲ್ಕ್ ಎಂಬ ದೊಡ್ಡ ಜಿಂಕೆಗೆ ಕನಿಷ್ಠ .50 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳ ಅಳತೆ) ಇರಬೇಕು. ಇದಾಹೊದಲ್ಲಿ ಬೆಂಕಿ ಹೊತ್ತಿಸುವ ಭಾಗ ಹೊರಗೆ ಕಾಣುವಂತಿರಬೇಕೆಂಬ ನಿಯಮವಿದೆ. ಓಹಿಯೊದಂತಹ ರಾಜ್ಯಗಳಲ್ಲಿ ದುರ್ಬೀನು ಸಹಿತವಾದ ಹೊಸ ಕೋವಿಗೂ ಅವಕಾಶವಿದೆ. ಓಹಿಯೊದ ಅಂಗಡಿಯಲ್ಲಿ ‘ಎಲ್ಲದಕ್ಕೂ ಆಗುತ್ತದೆ’ ಎಂದು ಮಾರಿದ ಕೋವಿ ಪೆನ್ಸಿಲ್ವೇನಿಯಾದ ಚಳಿಗಾಲದ ಋತುವಿಗೆ ಏನೇನೂ ಆಗುವುದಿಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟ. ಈ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ರಾಜ್ಯದ ವನ್ಯಜೀವಿ ಇಲಾಖೆಯು ಪ್ರತಿವರ್ಷ ಹೊರತರುವ ನಿಯಮಪುಸ್ತಿಕೆಯ ಆ ವರ್ಷದ ಪ್ರತಿಯನ್ನೇ ಓದಬೇಕು. ಬಹುತೇಕ ರಾಜ್ಯಗಳು ಬೇಟೆಯ ಪರವಾನಗಿಗೆ ಮೊದಲು ಬೇಟೆಗಾರರ ಶಿಕ್ಷಣದ ಪ್ರಮಾಣಪತ್ರವನ್ನು ಕೇಳುತ್ತವೆ. ಆ ತರಗತಿಗೆ ಸೇರುವುದನ್ನು ಕೋವಿ ಕೊಳ್ಳುವುದಕ್ಕಿಂತ ಮುಂಚೆಯೇ ಮಾಡಿಬಿಡುವುದು ಉತ್ತಮ.

ಬೆಂಕಿ ಹೊತ್ತುವ ಬಗೆ

ಮೂರು ಬಗೆಯ ಕೋವಿಗಳು ಮಾರುಕಟ್ಟೆಯಲ್ಲಿವೆ. ಮೊದಲನೆಯದು ಚಕಮಕಿಯದು. ಕುದುರೆ ಎನ್ನುವ, ಟ್ರಿಗರ್ ಎಳೆದಾಗ ಬಡಿಯುವ ಭಾಗದ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಹಲಗೆಯನ್ನು ಉಜ್ಜಿ ಕಿಡಿ ಹಾರಿಸುತ್ತದೆ, ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಮದ್ದನ್ನು ಹೊತ್ತಿಸುತ್ತದೆ, ಆ ಜ್ವಾಲೆ ನಳಿಗೆಯ ಬದಿಯ ಕಿಂಡಿಯಿಂದ ಒಳಗಿನ ಮದ್ದಿಗೆ ತಲುಪುತ್ತದೆ. ಟ್ರಿಗರ್ ಎಳೆದ ಮೇಲೆ ಗುಂಡು ಹೊರಡುವವರೆಗೆ ಕಣ್ಣನ್ನು ಗುರಿಯಿಂದ ಕದಲಿಸದಿರುವ ಅಭ್ಯಾಸ ಇದಕ್ಕೆ ಬೇಕು. ಇಲ್ಲಿ ಹಣ ಖರ್ಚು ಮಾಡಬೇಕಾದದ್ದು ಮರದ ಕೆತ್ತನೆಗಲ್ಲ, ಕಿಡಿ ಹಾರಿಸುವ ಯಂತ್ರಭಾಗಕ್ಕೆ. ಅಗ್ಗದ ಚಕಮಕಿ ಕೋವಿಗಳ ಉಕ್ಕಿನ ಹಲಗೆ ಸರಿಯಾಗಿ ಗಡುಸುಗೊಂಡಿರುವುದಿಲ್ಲ, ಕಿಡಿಯೇ ಹಾರುವುದಿಲ್ಲ, ಹೊಸಬರು ತಮ್ಮ ಕೈಯನ್ನೇ ದೂರಿಕೊಂಡು ಬೇಸತ್ತು ಬಿಡುತ್ತಾರೆ. ಎಡಗೈಯವರು ಎಡಬದಿಯ ಯಂತ್ರವಿರುವ ಕೋವಿಯನ್ನೇ ಹುಡುಕಬೇಕು, ಇಲ್ಲವಾದರೆ ಬಟ್ಟಲಿನ ಬೆಂಕಿ ಮುಖದ ಎದುರಿಗೇ ಏಳುತ್ತದೆ.

ಎರಡನೆಯದು ಕೇಪಿನ ಕೋವಿ. 11ನೆಯ ಸಂಖ್ಯೆಯ ತಾಮ್ರದ ಪುಟ್ಟ ಕೇಪನ್ನು ಮೊಲೆತೊಟ್ಟಿನಂತಹ ಭಾಗದ ಮೇಲೆ ಕೂರಿಸಿ ಕುದುರೆಯಿಂದ ಹೊಡೆಸುವ ಈ ವಿಧಾನ ಕಲಿಯಲು ಸುಲಭ, ಮಳೆಯಲ್ಲೂ ಚಕಮಕಿಗಿಂತ ನಂಬಿಕಸ್ತ. ಮೂರನೆಯದು ಇನ್‌ಲೈನ್ ಎನ್ನುವ ಹೊಸ ಬಗೆ. ಟೋನಿ ನೈಟ್ ಎಂಬವರ ಎಂಕೆ-85 ಮಾದರಿ 1985ರಲ್ಲಿ ಇದನ್ನು ಜನಪ್ರಿಯಗೊಳಿಸಿತು. ಇದರಲ್ಲಿ ಬೆಂಕಿಯ ಮೂಲ ನಳಿಗೆಯ ನೇರ ಹಿಂದೆಯೇ ಇರುತ್ತದೆ, ಈಗಿನ ಹೆಚ್ಚಿನವು ಶಾಟ್‌ಗನ್ನಿನ 209 ಪ್ರೈಮರನ್ನು (ಬೆಂಕಿ ಹೊತ್ತಿಸುವ ಪುಟ್ಟ ಬಿಲ್ಲೆ) ಬಳಸುತ್ತವೆ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬ್ರೀಚ್ ಪ್ಲಗ್ಗನ್ನು ಬಿಚ್ಚಿ ಹಿಂದಿನಿಂದ ನಳಿಗೆಯನ್ನು ತೊಳೆಯಬಹುದು.

ರಾಜ್ಯದ ಋತು ಅನುಮತಿಸಿದರೆ, ಬೇಟೆಯೇ ಮುಖ್ಯವಾದವರಿಗೆ ಇನ್‌ಲೈನ್ ಸರಿಯಾದ ಮೊದಲ ಕೋವಿ. ಕಲೆಯನ್ನೇ ಕಲಿಯಬೇಕೆನ್ನುವವರಿಗೆ ನಾನು ಕೇಪಿನ ಕೋವಿಯನ್ನು ಹೇಳುತ್ತೇನೆ. ಚಕಮಕಿಯನ್ನು ಮೊದಲ ಕೋವಿಯಾಗಿ ಕೊಳ್ಳುವುದು ಪೆನ್ಸಿಲ್ವೇನಿಯಾದಂತಹ ನಿಯಮ ಇರುವೆಡೆ ಅನಿವಾರ್ಯ. ಉಳಿದೆಡೆ ಅದು ಪಕ್ಕದಲ್ಲಿ ನಿಂತು ಕಲಿಸುವವರೊಬ್ಬರು ಇದ್ದಾಗ ಮಾತ್ರ ಜಾಣತನ. ಕಲಿಸುವವರನ್ನು ಹುಡುಕುವವರಿಗೆ 1933ರಲ್ಲಿ ಸ್ಥಾಪನೆಯಾದ, ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ ತನ್ನ ಮೈದಾನವನ್ನು ಹೊಂದಿರುವ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಒಳ್ಳೆಯ ದಾರಿ.

ನಳಿಗೆ ಮತ್ತು ಗುಂಡು

ಕ್ಯಾಲಿಬರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: .50 ಎಲ್ಲ ಕಡೆ ಸಿಗುತ್ತದೆ, ಬಹುತೇಕ ರಾಜ್ಯಗಳ ನಿಯಮಕ್ಕೆ ಒಪ್ಪುತ್ತದೆ. ಗಮನ ಕೊಡಬೇಕಾದದ್ದು ನಳಿಗೆಯೊಳಗಿನ ಸುರುಳಿಗೆರೆಗಳ ತಿರುವಿಗೆ. ಸುರುಳಿ ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಸುತ್ತುತ್ತದೆ ಎಂಬುದನ್ನು ತಯಾರಕರು ತಿಳಿಸಿರುತ್ತಾರೆ. 66 ಇಂಚಿಗೆ ಒಂದು ಸುತ್ತಿನಂತಹ ನಿಧಾನದ ತಿರುವು, ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಒತ್ತುವ ದುಂಡನೆಯ ಸೀಸದ ಗುಂಡಿಗೆ ತಕ್ಕದ್ದು. 28 ಇಂಚಿಗೆ ಒಂದು ಸುತ್ತಿನ ಬಿಗಿಯಾದ ತಿರುವು ಉದ್ದನೆಯ ಗುಂಡಿಗೆ ಮತ್ತು ಸ್ಯಾಬೊಗೆ ಬೇಕು; ಇನ್‌ಲೈನ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. 48 ಇಂಚಿನದು ನಡುವಣ ರಾಜಿ, ಎರಡನ್ನೂ ಒಂದು ಮಟ್ಟಿಗೆ ನಿಭಾಯಿಸುತ್ತದೆ. ಸ್ಯಾಬೊ ನಿಷೇಧವಿರುವ ರಾಜ್ಯದವರು ಬಿಗಿ ತಿರುವಿನ ನಳಿಗೆಗೆ ಸರಿಹೊಂದುವ ಪೂರ್ಣ ಗಾತ್ರದ ಉದ್ದ ಗುಂಡು ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೋವಿಯನ್ನು ಹೆಗಲಿಗೆ ಏರಿಸಿ ನೋಡದೆ ಕೊಳ್ಳಬಾರದು. ಹಳೆಯ ವಿನ್ಯಾಸದ ಕೆಲವು ಉದ್ದ ಕೋವಿಗಳಲ್ಲಿ ತೂಕವೆಲ್ಲ ಮುಂದಕ್ಕೆ ವಾಲಿರುತ್ತದೆ. ಅಂಗಡಿಯಲ್ಲಿ ಅರೆನಿಮಿಷ ಹಿಡಿದಾಗ ತಿಳಿಯದ್ದು, ಕಾಡಿನಲ್ಲಿ ಜಿಂಕೆ ತಿರುಗುವುದನ್ನು ಕಾಯುತ್ತಾ ನಿಂತಾಗ ತಿಳಿಯುತ್ತದೆ.

ಬಳಸಿದ ಕೋವಿಯನ್ನು ಪರೀಕ್ಷಿಸುವುದು

ಇನ್ನೊಬ್ಬರು ಬಳಸಿದ ಕೋವಿ ಕೈಗೆ ಬಂದಾಗ ಮೊಟ್ಟಮೊದಲು ಮಾಡಬೇಕಾದದ್ದು ಅದು ತುಂಬಿದೆಯೇ ಎಂದು ನೋಡುವುದು. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಕೋವಿಯ ನಳಿಗೆಯಲ್ಲಿ ಮದ್ದುಗುಂಡು ಹಾಗೇ ಇರಬಹುದು, ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹೊತ್ತುತ್ತದೆ. ಕೇಪು ಅಥವಾ ಪ್ರೈಮರ್ ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯ ಬಾಯನ್ನು ಯಾರ ಕಡೆಗೂ, ತಮ್ಮ ಮುಖದ ಕಡೆಗೂ ತಿರುಗಿಸದೆ, ಗಜವನ್ನು ಮೆಲ್ಲನೆ ಒಳಗೆ ಇಳಿಬಿಡಬೇಕು. ಅದು ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಹೆಬ್ಬೆರಳಿನ ಉಗುರನ್ನು ಇಟ್ಟು ಹಿಡಿದು, ಹೊರಗೆ ತೆಗೆದು ನಳಿಗೆಯ ಹೊರಮೈಗೆ ಒತ್ತಿ ಅಳೆಯಬೇಕು. ಗಜದ ತುದಿ ಕೇಪಿನ ತೊಟ್ಟಿನ ಅಥವಾ ಕಿಂಡಿಯ ನೇರಕ್ಕೆ ಬಂದರೆ ನಳಿಗೆ ಖಾಲಿ; ಒಂದೆರಡು ಇಂಚು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಲೋಹದ ಗಜವು ಖಾಲಿ ನಳಿಗೆಯ ತಳ ತಾಗಿದಾಗ ಟಣ್ ಎನ್ನುತ್ತದೆ, ಒಳಗೆ ತುಂಬಿದ್ದರೆ ಮಂದವಾದ ಸದ್ದು ಬರುತ್ತದೆ.

ಆಮೇಲೆ ಬಿಗಿಯಾದ ಬಟ್ಟೆಯ ತುಂಡನ್ನು ನಳಿಗೆಯುದ್ದಕ್ಕೂ ಆಡಿಸಿ ನೋಡಬೇಕು. ಕೈಗೆ ತಟ್ಟನೆ ಸಡಿಲವಾದಂತೆ ಅನ್ನಿಸುವ ಜಾಗವಿದ್ದರೆ ಅಲ್ಲಿ ನಳಿಗೆ ಉಬ್ಬಿದೆ, ಅಂತಹ ಕೋವಿ ಎಷ್ಟು ಅಗ್ಗವಾದರೂ ಬೇಡ. ಬಟ್ಟೆ ಕೆಂಪಾಗಿ ಹೊರಬಂದು, ದೀಪ ಬಿಟ್ಟು ನೋಡಿದಾಗ ತಳದಲ್ಲಿ ಗುಳಿಗಳು ಕಂಡರೆ ಹಿಂದಿನವರು ತೊಳೆಯದೆ ಇಟ್ಟಿದ್ದಾರೆ ಎಂದರ್ಥ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರನ್ನು ಒತ್ತಿದರೆ ಅದು ಬೀಳಬಾರದು. ಇನ್‌ಲೈನ್ ಆದರೆ ಬ್ರೀಚ್ ಪ್ಲಗ್ ಬಿಚ್ಚಿ ತೋರಿಸಲು ಕೇಳಬೇಕು; ಬಿಚ್ಚಲಾಗದಂತೆ ಕಚ್ಚಿಕೊಂಡಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ನೋಡುವುದು ಲೇಸು.

ಮದ್ದು

ಕೋವಿಯ ಮೇಲೆ ‘ಕರಿಮದ್ದು ಮಾತ್ರ’ ಎಂಬ ಅರ್ಥದ ಕೆತ್ತನೆ ಸಾಮಾನ್ಯವಾಗಿ ಇರುತ್ತದೆ. ಈಗಿನ ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಇದರಲ್ಲಿ ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡಕ್ಕೆ ನಳಿಗೆ ಸಿಡಿಯುತ್ತದೆ, ಕೈಬೆರಳುಗಳು ಹೋಗುತ್ತವೆ. ಹೊಗೆರಹಿತ ಮದ್ದಿಗೆಂದೇ ತಯಾರಕರು ರೂಪಿಸಿದ ಕೆಲವು ಮಾದರಿಗಳು ಇವೆಯಾದರೂ ಅವು ಮೊದಲ ಕೋವಿಯಾಗಿ ತಕ್ಕವಲ್ಲ. ನಿಜವಾದ ಕರಿಮದ್ದಿನ ಜೊತೆಗೆ ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಎಂಬ ಬದಲಿ ಮದ್ದುಗಳು ಸಿಗುತ್ತವೆ. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಡುವುದರಿಂದ ಚಕಮಕಿ ಕೋವಿಗೆ ನಿಜವಾದ ಕರಿಮದ್ದೇ ಬೇಕು, ಬ್ಲ್ಯಾಕ್‌ಹಾರ್ನ್‌ಗೆ 209 ಪ್ರೈಮರ್ ಬೇಕು. ಸ್ಥಳೀಯವಾಗಿ ಯಾವ ಮದ್ದು ಸಿಗುತ್ತದೆ ಎಂಬುದನ್ನೂ ಕೋವಿಯ ಆಯ್ಕೆಗೆ ಮೊದಲೇ ವಿಚಾರಿಸಬೇಕು, ಏಕೆಂದರೆ ನಿಜವಾದ ಕರಿಮದ್ದು ಕಾನೂನಿನಲ್ಲಿ ಸ್ಫೋಟಕ ವಸ್ತುವಾದ್ದರಿಂದ ಎಲ್ಲ ಅಂಗಡಿಗಳೂ ಅದನ್ನು ಇಡುವುದಿಲ್ಲ.

ಪ್ರಾಚೀನ ಬಂದೂಕುಗಳಲ್ಲಿ ಕ್ರೀಡೆ, ಮನರಂಜನೆ ಅಥವಾ ಸಾಂಸ್ಕೃತಿಕ ಉದ್ದೇಶಕ್ಕೆ ಬಳಸುವ, ಕಾರ್ಖಾನೆಯಲ್ಲಿ ತಯಾರಾದ ಕರಿಮದ್ದನ್ನು 50 ಪೌಂಡ್‌ವರೆಗೆ ಒಕ್ಕೂಟದ ಸ್ಫೋಟಕ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಊರಿನ ಅಗ್ನಿಶಾಮಕ ನಿಯಮದ ಮಿತಿ ಇದಕ್ಕಿಂತ ಕಡಿಮೆ ಇರಬಹುದು, ಮನೆಯ ಬಾಡಿಗೆ ಕರಾರು ಪೂರ್ತಿ ನಿಷೇಧಿಸಿರಲೂಬಹುದು. ಹೊಸಬರಿಗೆ ಒಂದು ಪೌಂಡಿನ ಡಬ್ಬಿ ಸಾಕು. ಅದನ್ನು ಅದೇ ಡಬ್ಬಿಯಲ್ಲಿ, ಕೇಪುಗಳಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಅಂಚೆಯಲ್ಲಿ ಕರಿಮದ್ದನ್ನು ಕಳುಹಿಸುವಂತಿಲ್ಲ. ವಿಮಾನದಲ್ಲಿ ಕರಿಮದ್ದನ್ನಾಗಲಿ ಕೇಪನ್ನಾಗಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಒಪ್ಪಿಸುವ ಸಾಮಾನಿನಲ್ಲೂ ಒಯ್ಯುವಂತಿಲ್ಲ.

ಮದ್ದಿನ ಪ್ರಮಾಣವನ್ನು ತಯಾರಕರ ಕೈಪಿಡಿಯಲ್ಲೇ ನೋಡಬೇಕು. ಕರಿಮದ್ದನ್ನು ಅಳೆಯುವುದು ಗಾತ್ರದ ಅಳತೆಯ ಪಾತ್ರೆಯಿಂದ, ಮತ್ತು ಆ ಪಾತ್ರೆಯಿಂದಲೇ ನಳಿಗೆಗೆ ಸುರಿಯಬೇಕು. ಡಬ್ಬಿಯಿಂದ ನೇರವಾಗಿ ಸುರಿದರೆ ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೂ ಕೈಯಲ್ಲಿರುವ ಡಬ್ಬಿಯೇ ಸಿಡಿಯಬಹುದು. ಗುಂಡು ಮದ್ದಿನ ಮೇಲೆ ಸಂದಿಲ್ಲದೆ ಕುಳಿತಿರಬೇಕು. ಸರಿಯಾಗಿ ತುಂಬಿದಾಗ ಗಜ ಎಲ್ಲಿಗೆ ನಿಲ್ಲುತ್ತದೆ, ಖಾಲಿಯಿದ್ದಾಗ ಎಲ್ಲಿಗೆ ನಿಲ್ಲುತ್ತದೆ ಎಂದು ಗಜದ ಮೇಲೆ ಎರಡು ಗೆರೆಗಳನ್ನು ಮೊದಲ ದಿನವೇ ಗುರುತು ಹಾಕಿಟ್ಟರೆ, ಗುಂಡು ಅರ್ಧದಲ್ಲಿ ಸಿಕ್ಕಿಕೊಂಡದ್ದೂ ಎರಡು ಸಲ ತುಂಬಿದ್ದೂ ಕಣ್ಣಿಗೆ ಕಾಣುತ್ತದೆ. ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು, ತಡವಾಗಿ ಹೊತ್ತುವುದು ಅಪರೂಪವೇನಲ್ಲ.

ಕೋವಿಯ ಜೊತೆಗೇ ಕೊಳ್ಳಬೇಕಾದ ಸಾಮಾನುಗಳಿಗೂ ಹಣ ತೆಗೆದಿಡಬೇಕು: ಅಳತೆ ಪಾತ್ರೆ, ಗುಂಡನ್ನು ಮೊದಲು ಒಳಗೆ ನೂಕುವ ಸಾಧನ, ಸಿಕ್ಕಿಕೊಂಡ ಗುಂಡನ್ನು ಎಳೆಯುವ ತಿರುಪು, ಕಣ್ಣು ಮತ್ತು ಕಿವಿಗಳ ರಕ್ಷಣೆ, ತೊಳೆಯುವ ಬಟ್ಟೆ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದರಿಂದ ಈಡು ಹೊಡೆದ ದಿನವೇ, ರಾತ್ರಿ ಊಟಕ್ಕೆ ಕೂರುವ ಮೊದಲೇ, ಸಾಬೂನಿನ ಬಿಸಿನೀರಿನಲ್ಲಿ ನಳಿಗೆಯನ್ನು ತೊಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಒಣಗಿಸಿ, ಎಣ್ಣೆ ಸವರಬೇಕು. ಬ್ಲ್ಯಾಕ್‌ಹಾರ್ನ್ ಬಳಸಿದ್ದರೆ ನೀರಿನ ಬದಲು ಅದಕ್ಕೆಂದೇ ಹೇಳಿದ ದ್ರಾವಕವನ್ನು ಬಳಸಬೇಕು. ಮರುದಿನ ಇನ್ನೊಮ್ಮೆ ಒಂದು ಬಟ್ಟೆ ಆಡಿಸಿ ನೋಡಬೇಕು, ಕಂದು ಬಣ್ಣ ಕಂಡರೆ ತೊಳೆದದ್ದು ಸಾಲದು. ಮುಂದಿನ ಸಲ ತುಂಬುವ ಮೊದಲು ಆ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಬೇಕು, ಎಣ್ಣೆ ಹೀರಿದ ಮದ್ದು ಹೊತ್ತುವುದಿಲ್ಲ.